ಹೊಸ ಕಂಪ್ಯೂಟರ್ ಕೈಕೊಟ್ಟರೆ: ವಾರಂಟಿ ಚೀಟಿಯಿಂದ ಗ್ರಾಹಕರ ಆಯೋಗದವರೆಗೆ

ಬೆಂಗಳೂರು: ಪೆಟ್ಟಿಗೆ ಬಿಚ್ಚಿ, ಅರಿಶಿನ ಕುಂಕುಮವಿಟ್ಟು, ಊದುಬತ್ತಿ ಬೆಳಗಿ ಗುಂಡಿ ಒತ್ತಿದ ಕಂಪ್ಯೂಟರ್ ಮೂರನೆಯ ದಿನವೇ ನಿಂತುಬಿಡುತ್ತದೆ. ಮಾರಿದ ಅಂಗಡಿಯವರು ‘ಕಂಪನಿಗೆ ಫೋನ್ ಮಾಡಿ’ ಎನ್ನುತ್ತಾರೆ. ಕಂಪನಿಯ ದೂರವಾಣಿ ಅರ್ಧ ಗಂಟೆ ಸಂಗೀತ ಕೇಳಿಸಿ, ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ, ಕೊನೆಗೆ ‘ಆಪರೇಟಿಂಗ್ ಸಿಸ್ಟಂ ಅಳಿಸಿ ಮತ್ತೆ ಹಾಕಿ ನೋಡಿ’ ಎಂಬ ಸಲಹೆ ಕೊಡುತ್ತದೆ. ಹಾಗೆ ಮಾಡಿದರೂ ಯಂತ್ರ ಏಳುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ವಾರಂಟಿ ಚೀಟಿ ಹಿಡಿದು ನಿಂತ ಗ್ರಾಹಕನಿಗೆ ಅರ್ಥವಾದಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ.

ರಾಜಧಾನಿಯಲ್ಲಿ ಇದು ಕಿರಿಕಿರಿಯ ವಿಷಯ. ತಾಲ್ಲೂಕು ಕೇಂದ್ರಗಳಲ್ಲಿ ಅದಕ್ಕಿಂತ ಹೆಚ್ಚು. ಅಧಿಕೃತ ಸೇವಾ ಕೇಂದ್ರಗಳು ಬಹುಪಾಲು ದೊಡ್ಡ ನಗರಗಳಲ್ಲಿವೆ. ಸಾಲ ಮಾಡಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಡಿ.ಟಿ.ಪಿ. ಹಾಗೂ ಜೆರಾಕ್ಸ್ ಅಂಗಡಿ ನಡೆಸುವವರಿಗೆ ಯಂತ್ರ ನಿಂತ ಪ್ರತಿ ದಿನವೂ ಖೋತಾ. ಅರ್ಜಿ ತುಂಬಲು ಬಂದವರು ಪಕ್ಕದ ಅಂಗಡಿಗೆ ಹೋದರೆ ಮತ್ತೆ ಬರುತ್ತಾರೆಂಬ ಖಾತ್ರಿಯಿಲ್ಲ. ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ.

ಹೊಸದೇ ಏಕೆ ಕೆಡುತ್ತದೆ?

ಹೊಸ ಯಂತ್ರ ಕೆಡಬಾರದು ಎಂಬುದು ಸಾಮಾನ್ಯ ನಂಬಿಕೆ. ತಂತ್ರಜ್ಞರ ಅನುಭವ ಇದಕ್ಕೆ ವಿರುದ್ಧ. ಎಲೆಕ್ಟ್ರಾನಿಕ್ ಉಪಕರಣಗಳು ಕೆಡುವ ಪ್ರಮಾಣವನ್ನು ಕಾಲಕ್ಕೆ ತಕ್ಕಂತೆ ನಕ್ಷೆಯಲ್ಲಿ ಗುರುತಿಸಿದರೆ ಅದು ಸ್ನಾನದ ತೊಟ್ಟಿಯ ಆಕಾರ ಪಡೆಯುತ್ತದೆ. ಮೊದಲ ದಿನಗಳಲ್ಲಿ ಹೆಚ್ಚು, ನಡುವಿನ ವರ್ಷಗಳಲ್ಲಿ ಕಡಿಮೆ, ವಯಸ್ಸಾದಂತೆ ಮತ್ತೆ ಹೆಚ್ಚು. ಸರಿಯಾಗಿ ಕೂರದ ಬೆಸುಗೆ, ಸಾಗಣೆಯಲ್ಲಿ ಅಲುಗಾಡಿ ಸಡಿಲಗೊಂಡ ಮೆಮೊರಿ ಪಟ್ಟಿ, ಹುಟ್ಟಿನಿಂದಲೇ ದುರ್ಬಲವಾದ ಚಿಪ್ ಇವೆಲ್ಲ ಮೊದಲ ಕೆಲವು ವಾರಗಳ ಬಿಸಿಗೆ ಬಯಲಾಗುತ್ತವೆ. ಆದ್ದರಿಂದ ಹೊಸ ಕಂಪ್ಯೂಟರನ್ನು ‘ಹಾಳಾದೀತು’ ಎಂದು ಬಟ್ಟೆ ಮುಚ್ಚಿಡುವುದಕ್ಕಿಂತ ಮೊದಲ ಹತ್ತು ದಿನ ಚೆನ್ನಾಗಿ ದುಡಿಸುವುದೇ ಜಾಣತನ. ಮೆಮೊರಿಯನ್ನು ಪರೀಕ್ಷಿಸುವ ಸಾಧನ ವಿಂಡೋಸ್‌ನಲ್ಲಿಯೇ ಇದೆ. ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅದನ್ನು ಓದುವ ಉಚಿತ ತಂತ್ರಾಂಶಗಳು ದೊರೆಯುತ್ತವೆ. ದೋಷವಿದ್ದರೆ ಬದಲಿಸಿ ಕೊಡುವ ಅಂಗಡಿ ಅಥವಾ ಜಾಲತಾಣದ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳದ್ದು. ಆ ಗಡುವು ದಾಟಿದರೆ ಬದಲಿ ಯಂತ್ರದ ಮಾತು ನಿಂತು ರಿಪೇರಿಯ ಮಾತು ಆರಂಭವಾಗುತ್ತದೆ.

ಪರದೆಯ ಮೇಲಿನ ಸತ್ತ ಚುಕ್ಕೆಗಳ ಕಥೆ ಬೇರೆ. ಹೊಸ ಮಾನಿಟರ್‌ನಲ್ಲಿ ಒಂದೆರಡು ಚುಕ್ಕೆ ಬೆಳಗದಿದ್ದರೆ ಅದನ್ನು ದೋಷವೆಂದು ಅನೇಕ ತಯಾರಕರು ಒಪ್ಪುವುದಿಲ್ಲ. 2001ರ ಐಎಸ್‌ಒ 13406-2 ಮಾನದಂಡವೂ ಅದರ ಸ್ಥಾನಕ್ಕೆ ಬಂದ ಐಎಸ್‌ಒ 9241 ಸರಣಿಯೂ ಪರದೆಗಳನ್ನು ದರ್ಜೆಗಳಾಗಿ ವಿಂಗಡಿಸಿ ಇಂತಿಷ್ಟು ಚುಕ್ಕೆಗಳಿಗೆ ವಿನಾಯಿತಿ ನೀಡಿವೆ. ಹಣ ತೆರುವ ಮುನ್ನ ಅಂಗಡಿಯಲ್ಲೇ ಪರದೆ ಹೊತ್ತಿಸಿ ನೋಡುವುದು ಇದಕ್ಕೆ ಇರುವ ಸರಳ ಪರಿಹಾರ.

ಫೋನಿನ ಆ ತುದಿಯಲ್ಲಿ

ಗ್ರಾಹಕ ಸೇವೆಯ ದೂರವಾಣಿಯಲ್ಲಿ ಮೊದಲು ಮಾತನಾಡುವವರು ಸಾಮಾನ್ಯವಾಗಿ ತಂತ್ರಜ್ಞರಲ್ಲ. ಅವರ ಮುಂದೆ ಪ್ರಶ್ನೋತ್ತರದ ಸಿದ್ಧಪಾಠವಿರುತ್ತದೆ. ಒಂದು ಕರೆಯನ್ನು ಸರಾಸರಿ ಎಷ್ಟು ನಿಮಿಷದಲ್ಲಿ ಮುಗಿಸಿದರು, ದಿನಕ್ಕೆ ಎಷ್ಟು ದೂರು ‘ಬಗೆಹರಿಸಿದರು’ ಎಂಬುದರ ಮೇಲೆ ಅವರ ಕೆಲಸದ ಅಳತೆ ನಡೆಯುತ್ತದೆ. ತಂತ್ರಜ್ಞರನ್ನು ಮನೆಗೆ ಕಳುಹಿಸುವುದು, ಬಿಡಿಭಾಗ ಮಂಜೂರು ಮಾಡುವುದು ಕಂಪನಿಗೆ ಖರ್ಚಿನ ಬಾಬತ್ತು. ಅದಕ್ಕೆ ಮೊದಲು ಖರ್ಚಿಲ್ಲದ ಎಲ್ಲ ಉಪಾಯಗಳನ್ನೂ ಗ್ರಾಹಕನ ಕೈಯಲ್ಲಿಯೇ ಮಾಡಿಸಿ ನೋಡುವುದು ಪದ್ಧತಿ. ಆಪರೇಟಿಂಗ್ ಸಿಸ್ಟಂ ಮತ್ತೆ ಹಾಕಿಸುವ ಹಟದ ಗುಟ್ಟು ಇದೇ. ಪಾಪ, ಆ ತುದಿಯ ಯುವಕನಿಗೋ ಯುವತಿಗೋ ಯಂತ್ರ ಬದಲಿಸಿಕೊಡುವ ಅಧಿಕಾರವೇ ಇರುವುದಿಲ್ಲ. ಅವರ ಮೇಲೆ ಕೂಗಾಡಿ ಫಲವಿಲ್ಲ. ಸಿದ್ಧಪಾಠದ ಹಂತಗಳನ್ನು ಒಮ್ಮೆ ಮಾಡಿ, ‘ಇದನ್ನು ಇಂಥ ದಿನ ಮಾಡಲಾಗಿದೆ, ದೋಷ ಉಳಿದಿದೆ, ದೂರನ್ನು ಮೇಲಿನ ಹಂತಕ್ಕೆ ಕಳುಹಿಸಿ’ ಎಂದು ಶಾಂತವಾಗಿ ಕೇಳಿ, ದೂರಿನ ಸಂಖ್ಯೆ ಪಡೆದರೆ ಕೆಲಸ ಮುಂದಕ್ಕೆ ಹೋಗುತ್ತದೆ.

ಇಲ್ಲಿ ಒಂದು ಮಾತು. ಇಂತಹ ಸೇವೆಯ ಬಗ್ಗೆ ಗೊಣಗುವುದು ಕನ್ನಡಿಗರ ಭಾಗ್ಯ ಮಾತ್ರವಲ್ಲ. ಅಮೆರಿಕದ ಡೆಲ್ ಕಂಪನಿ 2001ರಲ್ಲಿ ಬೆಂಗಳೂರಿನಲ್ಲಿ ಗ್ರಾಹಕ ಸೇವಾ ಕೇಂದ್ರ ತೆರೆದಿತ್ತು. ಅಮೆರಿಕದ ಗ್ರಾಹಕರಿಂದ ದೂರುಗಳು ಬಂದ ಕಾರಣ 2003ರ ನವೆಂಬರ್‌ನಲ್ಲಿ ಅದು ತನ್ನ ಆಪ್ಟಿಪ್ಲೆಕ್ಸ್ ಮತ್ತು ಲ್ಯಾಟಿಟ್ಯೂಡ್ ಕಂಪ್ಯೂಟರ್ ಕೊಂಡ ಅಲ್ಲಿನ ಉದ್ಯಮಗಳ ಕರೆಗಳನ್ನು ಬೆಂಗಳೂರಿನಿಂದ ಮರಳಿ ಅಮೆರಿಕದ ಕೇಂದ್ರಗಳಿಗೆ ತಿರುಗಿಸಿತು. ಸಿದ್ಧಪಾಠ ಓದಿ ಹೇಳುವ ಉತ್ತರ ಯಾರಿಗೂ ಸಮಾಧಾನ ತಂದಿರಲಿಲ್ಲ ಎಂಬುದು ಗಮನಾರ್ಹ.

ದೋಷವಿದೆ ಎಂದು ಗ್ರಾಹಕನೇ ರುಜುವಾತು ಮಾಡಬೇಕೆಂಬ ಧೋರಣೆಗೆ ಕಂಪ್ಯೂಟರ್ ಇತಿಹಾಸದಲ್ಲಿ ದುಬಾರಿ ಬೆಲೆ ತೆತ್ತ ಉದಾಹರಣೆಯೂ ಇದೆ. 1994ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಇಂಟೆಲ್‌ನ ಹೊಸ ಪೆಂಟಿಯಂ ಚಿಪ್ ಭಾಗಾಕಾರದಲ್ಲಿ ತಪ್ಪುತ್ತಿರುವುದನ್ನು ಪತ್ತೆ ಹಚ್ಚಿದರು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕು, ಆ ಚಿಪ್ 1.33374 ಎನ್ನುತ್ತಿತ್ತು. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಇಟ್ಟ ಕೋಷ್ಟಕದಲ್ಲಿ 5 ನಮೂದುಗಳು ಬಿಟ್ಟುಹೋಗಿದ್ದವು. ಸಾಮಾನ್ಯ ಬಳಕೆದಾರನಿಗೆ 27 ಸಾವಿರ ವರ್ಷಗಳಿಗೊಮ್ಮೆ ಈ ತಪ್ಪು ಎದುರಾದೀತು ಎಂದು ಇಂಟೆಲ್ ವಾದಿಸಿತು. ತಮಗೆ ಇದರಿಂದ ತೊಂದರೆ ಇದೆ ಎಂದು ತೋರಿಸಿದವರಿಗೆ ಮಾತ್ರ ಬದಲಿ ಕೊಡುವುದಾಗಿ ಹೇಳಿತು. ಜನ ಒಪ್ಪಲಿಲ್ಲ. ಡಿಸೆಂಬರ್ 12ರಂದು ಐಬಿಎಂ ಆ ಚಿಪ್ ಇರುವ ಕಂಪ್ಯೂಟರುಗಳ ರವಾನೆ ನಿಲ್ಲಿಸಿತು. ಡಿಸೆಂಬರ್ 20ರಂದು ಇಂಟೆಲ್ ಕೇಳಿದವರಿಗೆಲ್ಲ ಬದಲಿ ಚಿಪ್ ನೀಡುವುದಾಗಿ ಪ್ರಕಟಿಸಿತು. ಲೆಕ್ಕಪತ್ರದಲ್ಲಿ ಇದಕ್ಕಾಗಿ ತೋರಿಸಿದ ಹೊರೆ 47.5 ಕೋಟಿ ಡಾಲರ್.

ಕಾಗದವೇ ಬಲ

ಎಲ್ಲರಿಗೂ ಐಬಿಎಂನಂತಹ ಬೆಂಬಲ ಸಿಗುವುದಿಲ್ಲ. ಸಾಮಾನ್ಯ ಗ್ರಾಹಕನ ಬಲ ಇರುವುದು ಕಾಗದಪತ್ರದಲ್ಲಿ. ತೆರಿಗೆ ಉಳಿಸುವ ಆಸೆಗೆ ಬಿಲ್ ಇಲ್ಲದೆ ಕೊಂಡವರು ಮೊದಲ ಹೆಜ್ಜೆಯಲ್ಲೇ ಸೋಲುತ್ತಾರೆ. ಬಿಲ್‌ನಲ್ಲಿ ಯಂತ್ರದ ಕ್ರಮಸಂಖ್ಯೆ ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಕಂಪ್ಯೂಟರ್ ಆದರೆ ಮದರ್‌ಬೋರ್ಡ್, ಮೆಮೊರಿ, ಡಿಸ್ಕ್, ವಿದ್ಯುತ್ ಪೂರೈಕೆಯ ಪೆಟ್ಟಿಗೆ ಪ್ರತಿಯೊಂದಕ್ಕೂ ಬೇರೆ ಬೇರೆ ತಯಾರಕರು, ಬೇರೆ ಬೇರೆ ವಾರಂಟಿ. ಪ್ರತಿಯೊಂದರ ಕ್ರಮಸಂಖ್ಯೆ ಬರೆಸಿಕೊಳ್ಳದಿದ್ದರೆ ‘ಇದು ನಮ್ಮ ಮಾಲೇ ಅಲ್ಲ’ ಎಂಬ ಉತ್ತರಕ್ಕೆ ಸಿದ್ಧವಾಗಿರಬೇಕಾಗುತ್ತದೆ.

ವಾರಂಟಿಯ ಸಣ್ಣಕ್ಷರಗಳನ್ನು ಓದುವವರು ವಿರಳ. ಅದರಲ್ಲಿ ಮೂರು ಸಂಗತಿಗಳು ಬಹುತೇಕ ಎಲ್ಲ ಕಂಪನಿಗಳಲ್ಲೂ ಸಮಾನ. ಬದಲಿಸಿದ ಭಾಗ ಹೊಚ್ಚ ಹೊಸದೇ ಆಗಿರಬೇಕೆಂದಿಲ್ಲ, ದುರಸ್ತಿಗೊಳಿಸಿದ್ದೂ ಆಗಿರಬಹುದು. ಡಿಸ್ಕ್‌ನಲ್ಲಿದ್ದ ಮಾಹಿತಿ ಹೋದರೆ ಕಂಪನಿ ಹೊಣೆಯಲ್ಲ. ಬದಲಿಸಿದ ಹಳೆಯ ಡಿಸ್ಕನ್ನೂ ಅವರು ಒಯ್ಯುತ್ತಾರೆ. ನೀರು ಬಿದ್ದದ್ದು, ವೋಲ್ಟೇಜ್ ಏರುಪೇರು, ಸಿಡಿಲು ಇವು ವಾರಂಟಿಯ ಹೊರಗೆ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಈ ಕೊನೆಯ ಷರತ್ತು ಸಣ್ಣದಲ್ಲ.

ಅತಿ ಹೆಚ್ಚು ಜಗಳ ಹುಟ್ಟಿಸುವುದು ಬಂದು ಹೋಗುವ ದೋಷ. ಮನೆಯಲ್ಲಿ ಎರಡು ಗಂಟೆ ನಡೆದು ಬಿಸಿಯಾದ ಮೇಲೆ ನಿಲ್ಲುವ ಯಂತ್ರ, ಸೇವಾ ಕೇಂದ್ರದ ಹತ್ತು ನಿಮಿಷದ ಪರೀಕ್ಷೆಯಲ್ಲಿ ಸರಿಯಾಗಿಯೇ ಇರುತ್ತದೆ. ‘ದೋಷ ಕಂಡುಬಂದಿಲ್ಲ’ ಎಂಬ ಷರಾ ಬರೆದು ಹಿಂದಿರುಗಿಸಲಾಗುತ್ತದೆ. ಆದ್ದರಿಂದ ದೋಷ ಕಾಣಿಸಿಕೊಂಡಾಗಲೇ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಪರದೆಯ ಮೇಲಿನ ದೋಷಸಂಕೇತವನ್ನು ಬರೆದಿಟ್ಟುಕೊಂಡು, ಯಂತ್ರ ಒಪ್ಪಿಸುವಾಗ ಜಾಬ್ ಶೀಟ್‌ನಲ್ಲಿ ‘ಎರಡು ಗಂಟೆ ಬಳಸಿದ ನಂತರ ನಿಲ್ಲುತ್ತದೆ’ ಎಂದೇ ಬರೆಸಬೇಕು. ಬರೀ ‘ಹ್ಯಾಂಗ್ ಆಗುತ್ತದೆ’ ಎಂದರೆ ಸಾಲದು. ಮರಳಿ ಪಡೆಯುವಾಗ ‘ತೃಪ್ತಿಕರವಾಗಿದೆ’ ಎಂಬ ಸಾಲಿನ ಕೆಳಗೆ ಪರೀಕ್ಷಿಸದೆ ಸಹಿ ಹಾಕುವುದು ಬೇಡ. ಒಂದೇ ದೋಷಕ್ಕೆ ಮೂರು ಜಾಬ್ ಶೀಟ್‌ಗಳಿದ್ದರೆ ಅದು ಮುಂದೆ ಆಯೋಗದ ಮುಂದೆ ಹತ್ತು ಪುಟದ ವಾದಕ್ಕಿಂತ ಹೆಚ್ಚು ಮಾತನಾಡುತ್ತದೆ. ಫೋನ್ ದೂರು ಮುಗಿದ ಕೂಡಲೇ ಅದರ ಸಾರಾಂಶವನ್ನು ಇ-ಮೇಲ್ ಮಾಡಿದರೆ ದಿನಾಂಕಸಮೇತ ದಾಖಲೆ ಉಳಿಯುತ್ತದೆ.

ಸಹಾಯವಾಣಿಯ ಸಂಖ್ಯೆಯನ್ನು ಬಿಲ್, ಪೆಟ್ಟಿಗೆ ಅಥವಾ ಕಂಪನಿಯ ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವ ಸಂಖ್ಯೆಗಳಲ್ಲಿ ವಂಚಕರದ್ದೂ ಇರುತ್ತವೆ. ನೋಂದಣಿಗೆ ಹತ್ತು ರೂಪಾಯಿ ಕಳುಹಿಸಿ, ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಡುವುದೇ ಸರಿ. ಹಣ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಬೇಕು.

ಕಾನೂನು ಏನು ಹೇಳುತ್ತದೆ?

1986ರ ಕಾಯ್ದೆಯ ಸ್ಥಾನದಲ್ಲಿ ಬಂದ ಗ್ರಾಹಕರ ರಕ್ಷಣಾ ಕಾಯ್ದೆ 2019, 2020ರ ಜುಲೈ 20ರಂದು ಜಾರಿಗೆ ಬಂತು. ಮಾರಿದ ದೋಷಯುಕ್ತ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಇದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕ ದೋಷಯುಕ್ತ ಮಾಲಿನ ವಿಷಯದಲ್ಲಿ ಅಂಗಡಿಯವರನ್ನು ಕಾಪಾಡದು. ಜಾಲತಾಣದಲ್ಲಿ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳಂತೆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಕನ್ನಡದಲ್ಲೂ ಮಾತನಾಡಬಹುದು. ಇದು ನ್ಯಾಯಾಲಯವಲ್ಲ, ಕಂಪನಿಗೆ ದೂರು ತಲುಪಿಸಿ ಉತ್ತರ ಕೇಳುವ ವ್ಯವಸ್ಥೆ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ತೆತ್ತ ಬೆಲೆ 50 ಲಕ್ಷ ರೂ. ಮೀರದ ಪ್ರಕರಣಗಳು ಅಲ್ಲಿಗೇ ಹೋಗುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು ಎಂಬುದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ಆನ್‌ಲೈನ್ ದೂರಿಗೆ 2025ರ ಜನವರಿ 1ರಿಂದ ಇ-ಜಾಗೃತಿ ತಾಣವಿದೆ. ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಹೋಗಬೇಕು. ಮಾರಾಟಗಾರ, ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುವುದು ಖಂಡಿತ. ಮೊದಲೊಂದು ನೋಟಿಸ್ ಕಳುಹಿಸುವುದು ರೂಢಿ. 2025ರಲ್ಲಿ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟ್ ಜತೆ ವಿಲೀನಗೊಂಡಿರುವುದರಿಂದ ಈಗ ಸ್ಪೀಡ್ ಪೋಸ್ಟ್‌ನಲ್ಲಿಯೇ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು.

ಡಿ.ಟಿ.ಪಿ. ಅಂಗಡಿಯವರು ‘ಗ್ರಾಹಕ’ರೇ? ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ. ಕಂಪನಿಗಳ ವಕೀಲರು ಮೊದಲು ಎತ್ತುವ ಆಕ್ಷೇಪವೂ ಇದೇ. ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವವನಿಗೆ ಕಾಯ್ದೆಯ ವಿವರಣೆ ರಕ್ಷಣೆ ನೀಡಿದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸುವಾಗ, ಪರರ ಬರಹ ಟೈಪ್ ಮಾಡಿ ಹಣ ಪಡೆಯಲು ಬೆರಳಚ್ಚು ಯಂತ್ರ ಕೊಂಡವನ ಉದಾಹರಣೆಯನ್ನೇ ಕೊಟ್ಟಿತ್ತು. ಬೆರಳಚ್ಚು ಯಂತ್ರದ ಜಾಗದಲ್ಲಿ ಈಗ ಕಂಪ್ಯೂಟರ್ ಕುಳಿತಿದೆ, ಅಷ್ಟೇ. ‘ಜೀವನೋಪಾಯಕ್ಕಾಗಿ ಸ್ವಯಂ ಉದ್ಯೋಗ’ ಎಂಬ ಮಾತು ದೂರಿನಲ್ಲೇ ಸ್ಪಷ್ಟವಾಗಿ ಇರಬೇಕು. ಇಪ್ಪತ್ತು ಕಂಪ್ಯೂಟರ್ ಇಟ್ಟು ನೌಕರರಿಂದ ಕೆಲಸ ಮಾಡಿಸುವ ಸಂಸ್ಥೆಗೆ ಈ ಮಾತು ಅನ್ವಯಿಸದು.

ತಯಾರಿಕೆಯ ದೋಷವೆಂದು ಸಾಬೀತುಪಡಿಸುವಲ್ಲಿ ಅನೇಕ ದೂರುಗಳು ಎಡವುತ್ತವೆ. ತಜ್ಞರ ವರದಿ ಇಲ್ಲದೆ ‘ಯಂತ್ರ ಸರಿಯಿಲ್ಲ’ ಎಂದರೆ ಆಯೋಗ ಒಪ್ಪದಿರಬಹುದು. ಪರೀಕ್ಷೆ ಅಗತ್ಯವಾದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನಗಳಲ್ಲಿ ವರದಿ ತರಿಸಲು ಅವಕಾಶವಿದೆ; ಶುಲ್ಕ ದೂರುದಾರನೇ ಮೊದಲು ಕಟ್ಟಬೇಕಾಗಬಹುದು. ಎದುರುದಾರರಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ, ಪರೀಕ್ಷೆ ಬೇಕಾದಲ್ಲಿ 5 ತಿಂಗಳಲ್ಲಿ, ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷ ದಾಟುವುದೂ ಉಂಟು. ಅಷ್ಟರಲ್ಲಿ ಆ ಮಾದರಿಯ ಕಂಪ್ಯೂಟರೇ ಮಾರುಕಟ್ಟೆಯಿಂದ ಮರೆಯಾಗಿರುತ್ತದೆ. ಹಾಗಾಗಿ ಬದಲಿ ಯಂತ್ರದ ಜತೆಗೆ ‘ಇಲ್ಲವೇ ಬಡ್ಡಿಸಹಿತ ಹಣ ವಾಪಸ್’ ಎಂದೂ ಕೇಳಿರುವುದು ಒಳ್ಳೆಯದು. ನಷ್ಟ ಪರಿಹಾರವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ನಿಂತ ದಿನಗಳ ಗಳಿಕೆಯ ಲೆಕ್ಕ ತೋರಿಸಲು ಹಳೆಯ ರಸೀದಿ ಪುಸ್ತಕ ನೆರವಾಗುತ್ತದೆ.

ಆದೇಶ ಬಂದ ಮೇಲೆ ಕಂಪನಿ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಆದೇಶಿತ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲದೆ, ಹಣವನ್ನೂ ಕೊಡದೆ ಸುಮ್ಮನಿದ್ದರೆ ಗ್ರಾಹಕ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬಹುದು. ಆದೇಶ ಉಲ್ಲಂಘನೆಗೆ 1 ತಿಂಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಸೆರೆವಾಸ, ಅಥವಾ 25 ಸಾವಿರದಿಂದ 1 ಲಕ್ಷ ರೂ.ವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.