ಹೆರಿಗೆಯ ಚೀಲದಲ್ಲಿ ಒಂದು ಕಾಗದವೂ ಇರಲಿ

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಹೆರಿಗೆಯ ಸಿದ್ಧತೆ ಎಂದರೆ ಮನೆಯೊಳಗಿನ ಸಿದ್ಧತೆಯೇ ಆಗಿತ್ತು. ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದು ಕಟ್ಟಿಗೆ ಒಟ್ಟಿಡುವುದು, ಹಳೆಯ ಸೀರೆಗಳನ್ನು ಒಗೆದು ಬಿಸಿಲಿಗೆ ಹಾಕಿ ಮಡಚಿಡುವುದು, ನಡುಮನೆಯ ಪಕ್ಕದ ಕತ್ತಲೆ ಕೋಣೆಯನ್ನು ಸಾರಿಸುವುದು, ಸೂಲಗಿತ್ತಿಗೆ ಮುಂಚಿತವಾಗಿ ಹೇಳಿ ಕಳುಹಿಸುವುದು, ಇಷ್ಟಾದರೆ ಮುಗಿಯಿತು. ಮಗು ಹುಟ್ಟುತ್ತಿದ್ದುದು ಮನೆಯಲ್ಲಿ, ಮನೆಮಾತಿನಲ್ಲಿ. ಈಗ ಕೇರಳದಲ್ಲಿ ನೂರರಲ್ಲಿ 99ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಯಲ್ಲೇ ನಡೆಯುತ್ತಿವೆ. ಇದು ಒಳ್ಳೆಯದೇ; ಅಜ್ಜಿಯಂದಿರು ಹೇಳುತ್ತಿದ್ದ ಹಳೆಯ ಕಥೆಗಳಲ್ಲಿ ಬಾಣಂತಿ ಸಾವುಗಳೆಷ್ಟಿದ್ದವು ಎಂಬುದನ್ನು ನೆನೆದರೆ ಆ ಕಾಲ ಮರಳಿ ಬರಲಿ ಎಂದು ಯಾರೂ ಬಯಸಲಾರರು. ಆದರೆ ಮನೆಯಿಂದ ಆಸ್ಪತ್ರೆಗೆ ಹೋಗುವಾಗ ಒಂದು ಚೀಲ ತುಂಬಿಸಬೇಕಾಗುತ್ತದೆ. ಆ ಚೀಲದ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ನಮಗೆ ಅನ್ನಿಸಿತು.

ಹೆರಿಗೆಯ ಚೀಲದ ಬಗ್ಗೆ ಬರೆಯಲು ಶಾಲೆಯ ಅಧ್ಯಾಪಕರಿಗೇನು ಕೆಲಸ ಎಂದು ಓದುಗರು ಕೇಳಬಹುದು. ಕಾರಣವಿದೆ. ಆ ಚೀಲದಲ್ಲಿ ಮರೆತುಹೋದ ವಸ್ತುವೊಂದರ ಫಲವನ್ನು ಹದಿನೈದು ವರ್ಷಗಳ ಬಳಿಕ ಹತ್ತನೆಯ ತರಗತಿಯಲ್ಲಿ ನೋಡುವವರು ನಾವು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಬಟ್ಟೆಬರೆಯ ವಿಚಾರ.

ಎಂಟು ತಿಂಗಳು ತುಂಬಿದೊಡನೆ ಚೀಲ ಸಿದ್ಧವಿರಬೇಕು. ವೈದ್ಯರು ಕೊಟ್ಟ ತಾರೀಕು ಅಂದಾಜು ಮಾತ್ರ. ಮಗು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ತಾಯಿಗೆ ಎದುರುಗಡೆ ಗುಂಡಿಯಿರುವ ಸಡಿಲವಾದ ನೈಟಿ ಮೂರು ನಾಲ್ಕು, ಒಳ ಉಡುಪು, ದೊಡ್ಡ ಅಳತೆಯ ಪ್ಯಾಡು, ಎರಡು ಬೈರಾಸು, ಹೊದಿಕೆ, ಚಪ್ಪಲಿ, ಬಾಚಣಿಗೆ, ಸಾಬೂನು. ಮಗುವಿಗೆ ಮೆತ್ತಗಿನ ಹತ್ತಿ ಬಟ್ಟೆಯ ಅಂಗಿ, ಟೊಪ್ಪಿ, ಕಾಲುಚೀಲ, ಸುತ್ತಲು ಐದಾರು ಬಟ್ಟೆ. ಹೊಸ ಬಟ್ಟೆಯಾದರೆ ಒಮ್ಮೆ ಒಗೆದು ಬಿಸಿಲಿಗೆ ಹಾಕಿದ ಬಳಿಕವೇ ಇಡಬೇಕು. ನಮ್ಮ ಅಮ್ಮಂದಿರು ಹಳೆಯ ಸೀರೆ ಹರಿದು ಮಡಚಿಡುತ್ತಿದ್ದರಲ್ಲ, ಅದಕ್ಕಿಂತ ಮೆತ್ತಗಿನದು ಇಂದಿಗೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಳೆಗಾಲವಾದರೆ ಎಲ್ಲವನ್ನೂ ಇಮ್ಮಡಿ ಇಡಿ. ಆಟಿ ತಿಂಗಳಲ್ಲಿ ಆಸ್ಪತ್ರೆಯ ಜಗಲಿಯಲ್ಲಿ ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದು.

ಸರಕಾರಿ ಆಸ್ಪತ್ರೆಗೆ ಹೋಗುವವರು ಬಕೆಟು, ಮಗ್ಗು, ತಟ್ಟೆ, ಲೋಟ, ಬಿಸಿನೀರಿನ ಫ್ಲಾಸ್ಕು ಒಯ್ಯುವುದು ಉತ್ತಮ. ಜೊತೆಯಲ್ಲಿ ನಿಲ್ಲುವವರಿಗೊಂದು ಚಾಪೆ, ಹೊದಿಕೆ ಬೇಕು. ಕೇರಳದ ಆಸ್ಪತ್ರೆಗಳಲ್ಲಿ ಇವರನ್ನು ‘ಬೈಸ್ಟ್ಯಾಂಡರ್’ ಎಂದು ಕರೆಯುತ್ತಾರೆ. ಗಡಿ ದಾಟಿ ಮಂಗಳೂರಿಗೆ ಹೋದರೆ ಅವರೇ ‘ಅಟೆಂಡರ್’ ಆಗುತ್ತಾರೆ. ಹೆರಿಗೆ ವಾರ್ಡಿನೊಳಗೆ ಗಂಡಸರಿಗೆ ಸಾಮಾನ್ಯವಾಗಿ ಪ್ರವೇಶವಿರುವುದಿಲ್ಲ. ಆದುದರಿಂದ ಅಮ್ಮನೋ ಅತ್ತೆಯೋ ಚಿಕ್ಕಮ್ಮನೋ, ಯಾರು ನಿಲ್ಲುವುದು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಈ ತೀರ್ಮಾನ ನಾವು ಎಣಿಸಿದಷ್ಟು ಸಣ್ಣದಲ್ಲ ಎಂಬುದನ್ನೂ ಮುಂದೆ ಹೇಳುತ್ತೇವೆ.

ಚೀಲದಲ್ಲಿ ಇರಬಾರದ ವಸ್ತುಗಳೂ ಕೆಲವಿವೆ. ಜೇನಿನ ಬಾಟಲಿ, ಬಜೆ, ಕಾಡಿಗೆ, ಪೌಡರು, ಹಾಲಿನ ಬಾಟಲಿ ಇವು ಮನೆಯಲ್ಲೇ ಉಳಿಯಲಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು, ಬಂಗಾರ ತೇಯ್ದು ನೆಕ್ಕಿಸುವುದು ನಮ್ಮಲ್ಲೂ ಇದೆ, ನೆರೆಯ ಮಲಯಾಳಿಗಳಲ್ಲೂ ಇದೆ. ಹಿರಿಯರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕರ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವನ್ನು ಎಳೆಯ ಕರುಳು ತಡೆದುಕೊಳ್ಳಲಾರದು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು, ಅನಂತರ ಆರು ತಿಂಗಳು ಅದೊಂದೇ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಎಲ್ಲಿಯಾದರೂ ಉಳಿದಿದ್ದರೆ ಅದು ನಿಲ್ಲಬೇಕು. ಸೀಮಂತದಲ್ಲಿ ತೊಡಿಸಿದ ಬಳೆಗಳನ್ನು, ಸರವನ್ನು ಮನೆಯಲ್ಲೇ ಬಿಚ್ಚಿಡುವುದು ಲೇಸು. ಉಗುರಿನ ಬಣ್ಣವನ್ನೂ ತೆಗೆಯಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಯಂತ್ರಕ್ಕೆ ಅದು ಅಡ್ಡಿ.

ಇಷ್ಟು ಯಾವ ಊರಿನವರಿಗೂ ಸಲ್ಲುವ ಮಾತು. ಬೆಂಗಳೂರಿನ ಮಹಿಳಾ ಪತ್ರಿಕೆಗಳಲ್ಲೂ ಇದೇ ಪಟ್ಟಿ ಸಿಗುತ್ತದೆ. ಆದರೆ ಗಡಿನಾಡಿನ ನಮಗೆ ಆ ಪಟ್ಟಿ ಸಾಲದು.

ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ರೂಢಿ. ಪುತ್ತೂರು, ಸುಳ್ಯ, ಬಂಟ್ವಾಳಗಳಿಗೆ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳು ಏಳನೆಯ ತಿಂಗಳಿಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಗಳಿಗೆ ಬರುತ್ತಾರೆ. ಅಲ್ಲಿಂದ ಇಲ್ಲಿಗೆ ಸೊಸೆಯಂದಿರಾಗಿ ಬಂದವರು ಅದೇ ತಿಂಗಳಿಗೆ ಅತ್ತ ಹೋಗುತ್ತಾರೆ. ಅವರೊಡನೆ ಅವರ ಕಾಗದಗಳೂ ಗಡಿ ದಾಟಬೇಕು. ಕರ್ನಾಟಕದಲ್ಲಿ ಕೊಟ್ಟ ತಾಯಿ ಕಾರ್ಡು, ಸ್ಕ್ಯಾನಿಂಗಿನ ವರದಿಗಳು, ರಕ್ತದ ಗುಂಪಿನ ಚೀಟಿ, ಚುಚ್ಚುಮದ್ದು ಹಾಕಿಸಿಕೊಂಡ ವಿವರ, ಇವು ಗಂಡನ ಮನೆಯ ಕಪಾಟಿನಲ್ಲೇ ಉಳಿದರೆ ಇಲ್ಲಿನ ವೈದ್ಯರ ಪಾಲಿಗೆ ಆಕೆ ಒಂಬತ್ತನೆಯ ತಿಂಗಳಲ್ಲಿ ಮೊದಲ ಬಾರಿ ಕಾಣುವ ಗರ್ಭಿಣಿ. ತವರಿಗೆ ಬಂದ ವಾರದಲ್ಲೇ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ ಇಲ್ಲಿಯೂ ಹೆಸರು ದಾಖಲಿಸಬೇಕು. ಆಧಾರ್ ಕಾರ್ಡು, ರೇಷನ್ ಕಾರ್ಡು, ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಇವುಗಳ ಪ್ರತಿಗಳೊಂದಿಗೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಚೀಲದ ಮೇಲ್ಭಾಗದಲ್ಲಿಡಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಶಸ್ತ್ರಚಿಕಿತ್ಸೆಯಾದರೆ 7 ದಿನ ಊಟವೂ ಉಚಿತ. ಕೇಳಿ ಪಡೆಯಲು ಸಂಕೋಚ ಬೇಡ.

ಇನ್ನು ಮಾತಿನ ವಿಚಾರ. ನಮ್ಮ ಆಸ್ಪತ್ರೆಗಳಿಗೆ ತೆಂಕಣ ಜಿಲ್ಲೆಗಳಿಂದ ಬರುವ ಸಿಸ್ಟರುಗಳಿಗೆ ಕನ್ನಡವಾಗಲಿ ತುಳುವಾಗಲಿ ತಿಳಿದಿರುವುದಿಲ್ಲ. ಅವರ ತಪ್ಪಲ್ಲ, ಅವರು ಒಳ್ಳೆಯ ಕೆಲಸಗಾರರು. ಕನ್ನಡ ತಿಳಿದವರನ್ನು ನೇಮಿಸಬೇಕೆಂಬ ನಮ್ಮ ಬೇಡಿಕೆ ನ್ಯಾಯವಾದುದು, ಅದನ್ನು ನಾವು ಬಿಡಬಾರದು. ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಆದರೆ ಹೆರಿಗೆ ನೋವು ಅಹವಾಲಿಗೆ ಉತ್ತರ ಬರುವ ತನಕ ಕಾಯುವುದಿಲ್ಲ. ಹುಟ್ಟಿನಿಂದ ಇಲ್ಲೇ ಬೆಳೆದವರಿಗೆ ಬಸ್ಸಿನಲ್ಲಿ, ಪೇಟೆಯಲ್ಲಿ ಕೇಳಿಕೇಳಿ ಅಷ್ಟಿಷ್ಟು ಮಲಯಾಳ ಬರುತ್ತದೆ. ಗಟ್ಟದ ಮೇಲಿನಿಂದ ಬಂದ ಸೊಸೆಗೆ ಅದೂ ಇಲ್ಲ.

ತಮಾಷೆಯೆಂದರೆ ಎರಡು ಭಾಷೆಗಳು ಅಕ್ಕತಂಗಿಯರಾದುದರಿಂದಲೇ ತೊಡಕು ಹೆಚ್ಚು. ಹೆರಿಗೆಯ ಮೇಜಿನ ಮೇಲೆ ಸಿಸ್ಟರು ‘ಮುಕ್ಕ್, ಮುಕ್ಕ್’ ಎನ್ನುತ್ತಾರೆ. ಮುಕ್ಕರಿದು ಬಲ ಹಾಕು, ಮಗುವನ್ನು ಕೆಳಕ್ಕೆ ತಳ್ಳು ಎಂದು ಅದರ ಅರ್ಥ. ಕನ್ನಡದಲ್ಲಿ ಮುಕ್ಕುವುದೆಂದರೆ ಗಬಗಬನೆ ತಿನ್ನುವುದು! ‘ಕುಞ್ಞಿನು ಅನಕ್ಕಂ ಉಂಡೋ’ ಎಂದು ಕೇಳಿದರೆ ಮಗು ಮಿಸುಕಾಡುತ್ತಿದೆಯೇ ಎಂದರ್ಥ. ‘ಉಂಡು’ ಎಂದರೆ ಇದೆ ಎಂದು ತುಳುವರಿಗೆ ಕೂಡಲೇ ಹೊಳೆಯುತ್ತದೆ. ಕನ್ನಡ ಮಾತ್ರ ಬಲ್ಲ ಹುಡುಗಿ ಊಟವಾಯಿತೇ ಎಂದು ಕೇಳಿದರೆಂದು ತಿಳಿದು ತಲೆಯಾಡಿಸಿದರೆ ಆಶ್ಚರ್ಯವಿಲ್ಲ. ಮಗುವಿನ ಮಿಸುಕಾಟ ಕಡಿಮೆಯಾದುದು ಅಪಾಯದ ಸೂಚನೆ. ಅಲ್ಲಿ ತಪ್ಪಿ ‘ಹೌದು’ ಎಂದು ತಲೆಯಾಡಿಸುವುದು ಎಷ್ಟು ದೊಡ್ಡ ಅನಾಹುತಕ್ಕೆ ದಾರಿಯಾದೀತು ಎಂದು ಹೇಳಬೇಕಾಗಿಲ್ಲ. ‘ಪನಿ’ ಎಂದರೆ ತುಳುವಿನಲ್ಲಿ ಹನಿಮಳೆ, ಮಲಯಾಳದಲ್ಲಿ ಜ್ವರ. ‘ಶ್ವಾಸಂ ಮುಟ್ಟುನ್ನು’ ಎಂದರೆ ಉಸಿರು ಕಟ್ಟುತ್ತಿದೆ. ನೀರು ಒಡೆದು ಹೋದರೆ ‘ವೆಳ್ಳಂ ಪೋಯಿ’, ರಕ್ತ ಹೋಗುತ್ತಿದ್ದರೆ ‘ರಕ್ತಂ ಪೋಗುನ್ನುಂಡ್’, ತಲೆನೋವಿಗೆ ‘ತಲವೇದನ’, ತಲೆ ತಿರುಗಿದರೆ ‘ತಲಕರಕ್ಕಂ’. ಗರ್ಭಿಣಿಗೆ ಬರುವ ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ರಕ್ತದೊತ್ತಡ ಏರಿದುದರ ಗುರುತಾಗಿರಬಹುದು. ಅದನ್ನು ಆ ಕ್ಷಣವೇ ಹೇಳಬೇಕು, ಅರ್ಥವಾಗುವ ಮಾತಿನಲ್ಲಿ ಹೇಳಬೇಕು.

ಆದುದರಿಂದ ಈ ಏಳೆಂಟು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಚೀಲದಲ್ಲಿಡಿ. ಗಂಡನೋ ಮೈದುನನೋ ಕುಳಿತು ಒಂದೆರಡು ಬಾರಿ ಓದಿಸಿದರೆ ಸಾಕು. ಬೈಸ್ಟ್ಯಾಂಡರ್ ಯಾರೆಂಬ ತೀರ್ಮಾನ ಸಣ್ಣದಲ್ಲ ಎಂದು ಆಗ ಹೇಳಿದ್ದು ಇದಕ್ಕೇ. ಮಲಯಾಳ ಬಲ್ಲ ಹೆಂಗಸೊಬ್ಬರು ಸರದಿಯಲ್ಲಾದರೂ ಜೊತೆಗಿರಲಿ. ಸಂಬಂಧಿಕರೇ ಆಗಬೇಕೆಂದಿಲ್ಲ, ನೆರೆಮನೆಯವರಾದರೂ ಸರಿ. ಮಂಗಳೂರಿನ ಆಸ್ಪತ್ರೆಗೆ ಹೋದರೆ ಈ ಕಷ್ಟವಿಲ್ಲ ಎನ್ನುವವರಿದ್ದಾರೆ. ಅಲ್ಲಿಯೂ ರಾತ್ರಿ ಪಾಳಿಯ ಸಿಸ್ಟರು ಕೋಟ್ಟಯಂ ಕಡೆಯವರಾಗಿರುವುದು ಅಪರೂಪವೇನಲ್ಲ!

ಈಗ ಆರಂಭದಲ್ಲಿ ಹೇಳಿದ ಕಾಗದಕ್ಕೆ ಬರುತ್ತೇವೆ.

ಮಗು ಹುಟ್ಟಿದ ಮರುದಿನವೋ ಮೂರನೆಯ ದಿನವೋ ಜನನ ನೋಂದಣಿಯ ಫಾರಂ ಕೈಗೆ ಬರುತ್ತದೆ. ತಂದೆಯ ಹೆಸರು, ತಾಯಿಯ ಹೆಸರು, ಖಾಯಂ ವಿಳಾಸ, ಮನೆ ಹೆಸರು, ವಿದ್ಯಾಭ್ಯಾಸ, ಉದ್ಯೋಗ, ಮದುವೆಯಾದಾಗ ತಾಯಿಯ ವಯಸ್ಸು, ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಮನೆಯವರು ನಿದ್ದೆಗೆಟ್ಟಿರುತ್ತಾರೆ, ಫಾರಂ ಮಲಯಾಳದಲ್ಲಿರುತ್ತದೆ. ಯಾರೋ ಉಪಕಾರಿಗಳು, ‘ಹೇಳಿ, ನಾನು ಬರೆಯುತ್ತೇನೆ’ ಎನ್ನುತ್ತಾರೆ. ಗಣೇಶ ಗಣೇಶನ್ ಆಗುವುದು, ನಾರಾಯಣ ನಾರಾಯಣನ್ ಆಗುವುದು ಆಗಲೇ. ಬರೆದವರ ಕಿವಿಗೆ ಹಾಗೆಯೇ ಕೇಳಿಸುತ್ತದೆ, ಅದರಲ್ಲಿ ದುರುದ್ದೇಶವಿಲ್ಲ. ಜಯಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ಕೆ-ಎಸ್-ಎಚ್ ಹಾಕಿ ಬರೆಯುವುದೋ ಎಕ್ಸ್ ಹಾಕಿ ಬರೆಯುವುದೋ ಎಂದು ಆ ಗಡಿಬಿಡಿಯಲ್ಲಿ ಕೇಳುವವರಿಲ್ಲ. ಭಟ್ಟ, ಶೆಟ್ಟಿ, ರೈ ಇವು ಹೆಸರಿನ ಭಾಗವೋ ಅಲ್ಲವೋ ಎಂಬುದೂ ಬರೆದವರ ಮರ್ಜಿ.

ಮುಂದೆ ಆ ಮಗು ಶಾಲೆಗೆ ಬರುತ್ತದೆ. ಆಧಾರ್‌ನಲ್ಲೊಂದು ಹೆಸರು, ಜನನ ಪತ್ರದಲ್ಲೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಎಸ್‌ಎಸ್‌ಎಲ್‌ಸಿ ಪುಸ್ತಕಕ್ಕೆ ವಿವರ ಕಳುಹಿಸುವ ದಿನಗಳಲ್ಲಿ ನಮ್ಮ ಶಾಲೆಗಳ ಕಚೇರಿಯ ಮುಂದೆ ತಂದೆತಾಯಂದಿರ ಸಾಲು ನಿಲ್ಲುವುದು ಇದಕ್ಕಾಗಿ. ಕೂಲಿ ಬಿಟ್ಟು ಬಂದವರು, ಪಂಚಾಯತಿಗೆ ಎರಡು ಬಾರಿ, ಅಕ್ಷಯ ಕೇಂದ್ರಕ್ಕೆ ನಾಲ್ಕು ಬಾರಿ ಅಲೆದವರು. ತಿದ್ದುಪಡಿ ಅಸಾಧ್ಯವಲ್ಲ, ಆದರೆ ಸುಲಭವೂ ಅಲ್ಲ. 2023ರ ಅಕ್ಟೋಬರ್ 1ರ ಬಳಿಕ ಹುಟ್ಟಿದ ಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಬಿಗಿಯಾಗಿದೆ. ಅಂದಿನಿಂದ ಜಾರಿಗೆ ಬಂದ ತಿದ್ದುಪಡಿ ಕಾನೂನಿನಂತೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ವಾಹನ ಚಾಲನೆಯ ಪರವಾನಿಗೆ, ಸರಕಾರಿ ಉದ್ಯೋಗ, ವಿವಾಹ ನೋಂದಣಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪತ್ರವೇ.

ಪರಿಹಾರಕ್ಕೆ ಖರ್ಚಿಲ್ಲ. ನೋಟುಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ತಂದೆಯ ಹೆಸರು, ತಾಯಿಯ ಹೆಸರು, ಅವರವರ ಆಧಾರ್‌ನಲ್ಲಿ ಇರುವಂತೆಯೇ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬಿಡಿಸಿ ಬರೆಯಿರಿ. ಅದರ ಕೆಳಗೆ ಮಲಯಾಳ ಲಿಪಿಯಲ್ಲಿ, ಅದರ ಕೆಳಗೆ ಕನ್ನಡದಲ್ಲಿ. ಮಲಯಾಳ ಬರೆಯಲು ಬಾರದಿದ್ದರೆ ಊರಿನ ಶಾಲೆಗೆ ಬನ್ನಿ, ಬರೆದುಕೊಡುವವರು ಖಂಡಿತ ಸಿಗುತ್ತಾರೆ. ಮನೆ ಹೆಸರು, ಪಂಚಾಯತು, ವಾರ್ಡು ನಂಬ್ರ, ಅಂಚೆ, ಪಿನ್ ಕೋಡು, ಫೋನು ನಂಬ್ರ ಅದರಲ್ಲಿರಲಿ. ಹೆರಿಗೆಯ ಹೊತ್ತಿಗೆ ರಕ್ತ ಬೇಕಾದರೆ ಕೊಡಬಲ್ಲ ಇಬ್ಬರ ಹೆಸರು, ಫೋನು ನಂಬ್ರ ಅದೇ ಹಾಳೆಯ ಹಿಂಬದಿಯಲ್ಲಿರಲಿ. ಫಾರಂ ತುಂಬಿಸುವವರ ಮುಂದೆ ಹಾಳೆಯನ್ನಿಟ್ಟು ಇದನ್ನು ನೋಡಿಯೇ ಬರೆಯಿರಿ ಎಂದು ವಿನಯದಿಂದ ಹೇಳಬೇಕು. ಸಹಿ ಹಾಕುವ ಮೊದಲು ಅಕ್ಷರ ಅಕ್ಷರ ಓದಿಸಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಬೇಕು.

ಯಾವ ಆಸ್ಪತ್ರೆ ಎಂಬ ಪ್ರಶ್ನೆ ಉಳಿಯಿತು. ಮಂಜೇಶ್ವರದವರು ತಲಪಾಡಿ ದಾಟಿ ಮಂಗಳೂರಿಗೆ, ಪೆರ್ಲದವರು ಅಡ್ಯನಡ್ಕದ ದಾರಿಯಾಗಿ ವಿಟ್ಲ, ಪುತ್ತೂರಿಗೆ, ಮುಳ್ಳೇರಿಯದವರು ಜಾಲ್ಸೂರು ದಾಟಿ ಸುಳ್ಯಕ್ಕೆ ಹೋಗುವುದು ಹಳೆಯ ವಾಡಿಕೆ. 1956ರಲ್ಲಿ ರಾಜ್ಯಗಳು ಬೇರೆಯಾದರೂ ಈ ದಾರಿಗಳು ಬದಲಾಗಲಿಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕವು ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ನಮ್ಮ ಜಿಲ್ಲೆಯ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಕೆಲವರು ಪ್ರಾಣ ಕಳೆದುಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ನಿರ್ದೇಶನ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಆ ದಿನಗಳನ್ನು ನಾವು ಮರೆತಿಲ್ಲ. ಮಂಗಳೂರಿನಲ್ಲೇ ಹೆರಿಗೆ ಎಂದು ನಿಶ್ಚಯಿಸಿದವರು ಕೂಡ ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಹತ್ತಿರದ ತಾಲೂಕು ಆಸ್ಪತ್ರೆಯಲ್ಲೋ ಒಮ್ಮೆ ತೋರಿಸಿ ಚೀಟಿ ಮಾಡಿಸಿಕೊಂಡಿರಬೇಕು. ನೋವು ಬಂದ ರಾತ್ರಿ ಎರಡನೆಯ ದಾರಿ ಯಾವುದೆಂದು ಮನೆಮಂದಿಗೆಲ್ಲ ಗೊತ್ತಿರಬೇಕು. ಆಂಬ್ಯುಲೆನ್ಸಿಗೆ ಎರಡೂ ರಾಜ್ಯಗಳಲ್ಲಿ 108 ನಂಬ್ರವೇ.

ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ಮಂಗಳೂರಿನಲ್ಲಿ ಹುಟ್ಟಿದರೆ ಜನನ ಪತ್ರವೂ ಅಲ್ಲಿಯದು, ತಿದ್ದುಪಡಿಗೆ ಅಲೆಯುವುದೂ ಅಲ್ಲಿಗೆ. ಹುಟ್ಟಿದ 21 ದಿನಗಳೊಳಗೆ ವರದಿ ಹೋಗಬೇಕು. ಆಸ್ಪತ್ರೆಯವರೇ ಕಳುಹಿಸುತ್ತಾರೆ, ಕಳುಹಿಸಿದರೋ ಎಂದು ವಿಚಾರಿಸಿಕೊಳ್ಳುವುದು ನಮ್ಮ ಕೆಲಸ. ನಾಮಕರಣ ಆಗದಿದ್ದರೆ ಮಗುವಿನ ಹೆಸರಿನ ಜಾಗವನ್ನು ಖಾಲಿ ಬಿಡಬಹುದು. ಅವಸರದಲ್ಲಿ ಏನೋ ಒಂದು ಬರೆಸಿ ಆಮೇಲೆ ಬದಲಿಸಲು ಹೊರಡುವುದಕ್ಕಿಂತ ಅದು ಮೇಲು. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅನಂತರ ಹದಿನೈದು ವರ್ಷದ ತನಕ ತಡ ಶುಲ್ಕ ಕೊಟ್ಟು ಸೇರಿಸಬಹುದು. ಆ ದಿನ ಪಂಚಾಯತಿಗೋ ನಗರಸಭೆಗೋ ಹೋಗುವಾಗಲೂ ಅದೇ ಹಾಳೆಯಲ್ಲಿ ಮಗುವಿನ ಹೆಸರನ್ನು ಮೂರು ಲಿಪಿಗಳಲ್ಲಿ ಬರೆದು ಒಯ್ಯಿರಿ.