ಲೋಕಲ್ ಬ್ಯಾಂಡ್‌ಗಳಿಗೆ ಮ್ಯೂಸಿಕ್ ಫೆಸ್ಟಿವಲ್ ಏಕೆ ಮುಖ್ಯ?

ಹೈದರಾಬಾದ್: ಪಬ್‌ಗಳಲ್ಲಿ ಸಿನಿಮಾ ಹಾಡುಗಳಿಗೇ ಬೇಡಿಕೆ ಹೆಚ್ಚು. ಸ್ವಂತ ಹಾಡು ಕಟ್ಟುವ ಸ್ಥಳೀಯ ಬ್ಯಾಂಡ್‌ಗಳಿಗೆ ಕೇಳುಗರನ್ನು ಹುಡುಕುವುದೇ ದೊಡ್ಡ ಸವಾಲು. ಇಲ್ಲಿ ನೆರವಾಗುವುದು ಮ್ಯೂಸಿಕ್ ಫೆಸ್ಟಿವಲ್.

2010ರಲ್ಲಿ ಪುಣೆಯಲ್ಲಿ ಶುರುವಾದ ‘ಎನ್‌ಎಚ್7 ವೀಕೆಂಡರ್’ 2016ರಲ್ಲಿ ಹೈದರಾಬಾದ್‌ಗೂ ಬಂದಿತ್ತು. ಇಂಥ ಕಡೆ ಒಂದೇ ಟಿಕೆಟ್‌ಗೆ ಹಲವು ವೇದಿಕೆ. ದೊಡ್ಡ ಹೆಸರು ನೋಡಿ ಬಂದವರು, ಮಧ್ಯಾಹ್ನ ಹಾಡುವ ಹೊಸಬರನ್ನೂ ಕೇಳುತ್ತಾರೆ. ಒಳ್ಳೆಯ ಸೌಂಡ್ ಸಿಸ್ಟಂ ಸಿಗುತ್ತದೆ. ಆಯೋಜಕರು, ಸಂಗೀತ ಕಂಪನಿಯವರು, ಪತ್ರಕರ್ತರು ಎದುರಲ್ಲೇ ಇರುತ್ತಾರೆ.

ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ‘ಫ್ರೀಡಂ ಜ್ಯಾಮ್’ ಸ್ವಾತಂತ್ರ್ಯ ದಿನದಂದು ಹೊಸ ಬ್ಯಾಂಡ್‌ಗಳಿಗೂ ಉಚಿತ ವೇದಿಕೆ ಒದಗಿಸಿತು.

ಯೂಟ್ಯೂಬ್ ಇದ್ದರೆ ಸಾಲದೇ? ಹೈದರಾಬಾದ್‌ನ ‘ಚೌರಸ್ತಾ’ ಬ್ಯಾಂಡ್ ‘ಊರೆಳ್ಳಿಪೋತಾ ಮಾಮ’ ಹಾಡಿನಿಂದ ಆನ್‌ಲೈನ್‌ನಲ್ಲೇ ಜನಪ್ರಿಯವಾಯಿತು. ಅದರ ಗಾಯಕರಾಗಿದ್ದ ರಾಮ್ ಮಿರಿಯಾಲ 2021ರ ‘ಜಾತಿರತ್ನಾಲು’ ಚಿತ್ರಕ್ಕೆ ‘ಚಿಟ್ಟಿ’ ಹಾಡಿದರು. ಆದರೆ ಎಲ್ಲರಿಗೂ ಆ ಅದೃಷ್ಟವಿಲ್ಲ. ಮೊಬೈಲ್‌ನಲ್ಲಿ ಹಾಡು ನೆನಪಿದ್ದರೂ ಹಾಡಿದವರ ಹೆಸರು ಮರೆತುಹೋಗುತ್ತದೆ; ವೇದಿಕೆಯಲ್ಲಿ ಮುಖವೂ ಉಳಿಯುತ್ತದೆ.

ಫೆಸ್ಟಿವಲ್ ಜನರನ್ನು ಸೇರಿಸಿ ಕೊಡುತ್ತದೆ ಅಷ್ಟೇ. ಉಳಿಸಿಕೊಳ್ಳುವುದು ಬ್ಯಾಂಡ್‌ನ ಕೆಲಸ. ಸಿಗುವ ಅರ್ಧ ಗಂಟೆಯಲ್ಲಿ ಸ್ವಂತ ಹಾಡುಗಳನ್ನೇ ಹಾಡಿ. ಇಳಿಯುವ ಮುನ್ನ ಹೆಸರು, ಮುಂದಿನ ಕಾರ್ಯಕ್ರಮ ಎಲ್ಲಿ ಎಂಬುದನ್ನು ಹೇಳಲು ಮರೆಯದಿರಿ.