ಭದ್ರಾ ನಾಲೆಯ ಊರಿನಿಂದ ನೇತ್ರಾಣಿಯವರೆಗೆ

ಕುಕ್ಕುವಾಡವು ದಾವಣಗೆರೆ ತಾಲ್ಲೂಕಿನಲ್ಲಿ ಭದ್ರಾ ಅಚ್ಚುಕಟ್ಟಿಗೆ, ಅಂದರೆ ಭದ್ರಾ ನಾಲೆಯ ನೀರು ತಲುಪುವ ಜಮೀನಿನ ವ್ಯಾಪ್ತಿಗೆ ಸೇರಿದ ಊರು. ಭತ್ತ, ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಊರಿನ ಹೆಸರು ಹೊರಗಿನವರಿಗೆ ಹೆಚ್ಚಾಗಿ ಪರಿಚಯವಾಗಿರುವುದು ಸಕ್ಕರೆ ಕಾರ್ಖಾನೆಯಿಂದ. ಇಂಥ ಊರುಗಳಿಂದ ದಾವಣಗೆರೆಯ ಕಾಲೇಜುಗಳಿಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳು ಸ್ನೇಹಿತರೊಡನೆ ಸಮುದ್ರ ನೋಡಲು ಹೊರಟಾಗ ಸಾಮಾನ್ಯವಾಗಿ ಆಯ್ದುಕೊಳ್ಳುವ ತಾಣಗಳಲ್ಲಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರವೂ ಒಂದು. ಆ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ದ್ವೀಪವಿದ್ದು, ಜನವಸತಿಯಿಲ್ಲದ ಈ ಕಾಡುದ್ವೀಪವು ನೀರಿನ ಮೇಲಿನ ಹಕ್ಕಿಗಳಿಗೂ ನೀರಿನ ಕೆಳಗಿನ ಹವಳಕ್ಕೂ ಹೆಸರಾಗಿದೆ. ದೇವಸ್ಥಾನ, ಬೀಚು, ಊಟ ಎಂಬ ಕ್ರಮದಲ್ಲಿ ಮುಗಿದುಹೋಗುವ ವಿದ್ಯಾರ್ಥಿ ಪ್ರವಾಸಗಳಲ್ಲಿ ಈ ದ್ವೀಪಕ್ಕೆ ಸಿಗುವ ಸಮಯ ಅದರ ಯೋಗ್ಯತೆಗೆ ಹೋಲಿಸಿದರೆ ತೀರ ಕಡಿಮೆ.

ದಾವಣಗೆರೆ ಸೀಮೆಯವರಿಗೆ ಅರಬ್ಬೀ ಸಮುದ್ರ ದೂರದ್ದೆನಿಸಿದರೂ ಅವರ ಗದ್ದೆಗೆ ಹರಿಯುವ ನೀರಿನ ಬಹುಪಾಲು ಆ ಸಮುದ್ರದಿಂದಲೇ ಬಂದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತಗಳು ಅರಬ್ಬೀ ಸಮುದ್ರದ ಮೇಲಿಂದ ತೇವವನ್ನು ಹೊತ್ತು ತಂದು, ಪಶ್ಚಿಮ ಘಟ್ಟಕ್ಕೆ ಎದುರಾದಾಗ ಮೇಲೇರಿ ತಣ್ಣಗಾಗಿ ಮಳೆ ಸುರಿಸುತ್ತವೆ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಘಟ್ಟ ದಾಟಿ ಬರುವಷ್ಟರಲ್ಲಿ ಆ ಮೋಡಗಳು ಬರಿದಾಗಿರುವುದರಿಂದ ದಾವಣಗೆರೆಗೆ ದಕ್ಕುವುದು ಹೆಚ್ಚುಕಡಿಮೆ ಅದರ ಹತ್ತರಲ್ಲೊಂದು ಪಾಲು. ಹೀಗಾಗಿ ಮಳೆಗಾಲ ಬಂತೆಂದರೆ ಇಲ್ಲಿನ ರೈತರು ತಮ್ಮೂರಿನ ಆಕಾಶಕ್ಕಿಂತ ಹೆಚ್ಚಾಗಿ ಘಟ್ಟದ ಮಳೆಯಿಂದ ತುಂಬುವ ಭದ್ರಾ ಜಲಾಶಯದ ಮಟ್ಟವನ್ನು ಪತ್ರಿಕೆಯಲ್ಲಿ ನೋಡುತ್ತಾರೆ. ಅದು 186 ಅಡಿಯ ಪೂರ್ಣಮಟ್ಟ ಮುಟ್ಟಿದರೆ ಮಾತ್ರ ನಾಲೆಯ ಕೊನೆಭಾಗದವರಿಗೆ ಸಮಾಧಾನ.

ಮುರುಡೇಶ್ವರಕ್ಕೆ ಹೋಗುವ ದಾರಿಗಳಲ್ಲಿ ಹರಿಹರ, ಹೊನ್ನಾಳಿ, ಶಿಕಾರಿಪುರ, ಸಾಗರಗಳ ಮೂಲಕ ಸಾಗಿ ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರ ಸೇರುವ ದಾರಿಯೇ ಭೂಗೋಳವನ್ನು ಚೆನ್ನಾಗಿ ಓದಿಸುವಂಥದ್ದು. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿರುವ ಹರಿಹರದಲ್ಲಿ ಎದುರಾಗುವ ತುಂಗಭದ್ರೆ ಮುಂದೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುವ ನದಿಯಾದರೆ, ಗೇರುಸೊಪ್ಪೆಯಲ್ಲಿ ಜೊತೆಗೂಡುವ ಶರಾವತಿ ಅರಬ್ಬೀ ಸಮುದ್ರವನ್ನು ಸೇರುವ ನದಿ. ತುಂಗೆ ಹರಿದು ಬರುವ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಅಂಬುತೀರ್ಥವೆಂಬ ಜಾಗದಲ್ಲಿ ಶರಾವತಿ ಹುಟ್ಟುತ್ತದೆ. ಒಂದೇ ತಾಲ್ಲೂಕಿನ ಮಳೆಯನ್ನು ಹೀಗೆ ಎರಡು ಸಮುದ್ರಗಳಿಗೆ ಹಂಚುವ ಏರುನೆಲಕ್ಕೆ ಜಲವಿಭಾಜಕ ಎನ್ನುತ್ತಾರೆ. ಶರಾವತಿಯ ಒಟ್ಟು ಹರಿವು ಸುಮಾರು 128 ಕಿಲೋಮೀಟರ್ ಮಾತ್ರ. ಅಷ್ಟರೊಳಗೆ ಅದು ಜೋಗದಲ್ಲಿ 253 ಮೀಟರ್ ಧುಮುಕಿ, ವಿದ್ಯುತ್ತನ್ನೂ ಕೊಟ್ಟು, ಹೊನ್ನಾವರದಲ್ಲಿ ಅಗಲವಾದ ಅಳಿವೆಯಾಗುತ್ತದೆ. ಅಳಿವೆಯೆಂದರೆ ನದಿಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಬೆರೆಯುವ ಬಾಯಿ. ಘಟ್ಟದ ಈ ಭಾಗದ ಕಾಡು ಸಿಂಗಳೀಕಗಳ ನೆಲೆಯೂ ಹೌದು, ಆದರೆ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಇಳಿಯುವವರಿಗೆ ಕಾಡೂ ಇಲ್ಲ, ಸಿಂಗಳೀಕವೂ ಇಲ್ಲ.

ಮುರುಡೇಶ್ವರದ ದೇವಾಲಯವು ಮೂರು ಕಡೆ ಸಮುದ್ರದಿಂದ ಸುತ್ತುವರಿದ ಕಂದುಕಗಿರಿ ಎಂಬ ಗುಡ್ಡದ ಮೇಲಿದೆ. ಈಗ ಊರಿನ ಗುರುತಾಗಿರುವ 123 ಅಡಿ ಎತ್ತರದ ಶಿವನ ವಿಗ್ರಹ ಮತ್ತು ಲಿಫ್ಟಿನಲ್ಲಿ ಮೇಲೇರಬಹುದಾದ ಇಪ್ಪತ್ತು ಅಂತಸ್ತಿನ ರಾಜಗೋಪುರ ಎರಡೂ ಉದ್ಯಮಿ ಆರ್. ಎನ್. ಶೆಟ್ಟಿ ಅವರ ಆಸಕ್ತಿಯಿಂದ ಎದ್ದು ನಿಂತವು. ಗೋಪುರದ ಮೇಲಿನಿಂದ ಮೀನುಗಾರರ ದೋಣಿಗಳು ನಿಲ್ಲುವ ಜಾಗ, ಗುಡ್ಡದ ಎರಡೂ ಬದಿಗೆ ಚಾಚಿರುವ ಮರಳದಂಡೆ, ಆಕಾಶ ತಿಳಿಯಾಗಿದ್ದರೆ ದಿಗಂತದಲ್ಲಿ ನೇತ್ರಾಣಿಯ ಮಸುಕು ಆಕಾರ ಇವಿಷ್ಟನ್ನು ಒಂದೇ ನೋಟದಲ್ಲಿ ಕಾಣಬಹುದು.

ಒಳನಾಡಿನ ವಿದ್ಯಾರ್ಥಿಗಳಿಗೆ ಇಲ್ಲಿ ದ್ವೀಪಕ್ಕಿಂತ ಮೊದಲು ತಿಳಿದಿರಬೇಕಾದದ್ದು ದಂಡೆಯ ಸಂಗತಿ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಮರಳಿ ಹೋಗುವಾಗ ಎಲ್ಲೆಡೆಯೂ ಸಮನಾಗಿ ಹೋಗದೆ, ತಳದ ಮರಳಿನಲ್ಲಿ ತಗ್ಗು ಸಿಕ್ಕ ಕಡೆ ಒಟ್ಟುಗೂಡಿ, ಕಿರಿದಾದ ಪಟ್ಟಿಯಾಗಿ ರಭಸದಿಂದ ಒಳಸಮುದ್ರದ ಕಡೆಗೆ ಹರಿಯುತ್ತದೆ. ಸೆಳೆತ ಎನ್ನುವುದು ಇದಕ್ಕೆ. ಸೆಳೆತವಿರುವ ಜಾಗದಲ್ಲಿ ಅಲೆಗಳು ಹೆಚ್ಚು ಒಡೆಯದಿರುವುದರಿಂದ ಅದು ಅಕ್ಕಪಕ್ಕದ ನೀರಿಗಿಂತ ಶಾಂತವಾಗಿ ಕಾಣುತ್ತದೆ. ಕೆರೆ, ನಾಲೆಗಳಲ್ಲಿ ಈಜು ಕಲಿತವರು ಶಾಂತವಾದ ನೀರನ್ನೇ ಸುರಕ್ಷಿತವೆಂದು ಭಾವಿಸುವುದು ಸಹಜವಾಗಿದ್ದು, ಸಮುದ್ರದಲ್ಲಿ ಆ ಅನುಭವವೇ ಅವರಿಗೆ ಮುಳುವಾಗುತ್ತದೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದ ಕಡೆಗೆ ಈಜಲು ಹೋದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು, ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಸಹಾಯ ಕೇಳಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಬಳಿಕ ಕೆಲಕಾಲ ದಂಡೆಗೆ ಪ್ರವಾಸಿಗರನ್ನು ಬಿಡುತ್ತಿರಲಿಲ್ಲ. ಜೀವರಕ್ಷಕರು ಹಾಕಿದ ಕೆಂಪು ಬಾವುಟವನ್ನು ಫೋಟೊಗೆ ಹಿನ್ನೆಲೆಯಾಗಿ ಬಳಸಿಕೊಳ್ಳುವ ಗುಂಪುಗಳು ಈಗಲೂ ಇವೆ.

ನೇತ್ರಾಣಿಗೆ ಹೊರಡುವ ದೋಣಿಗಳು ಬೆಳಗ್ಗೆ ಬೇಗನೆ ಹೊರಟು, ಸಮುದ್ರದ ಸ್ಥಿತಿಗೆ ತಕ್ಕಂತೆ ಒಂದರಿಂದ ಒಂದೂವರೆ ಗಂಟೆಯೊಳಗೆ ದ್ವೀಪವನ್ನು ತಲುಪುತ್ತವೆ. ಮಧ್ಯಾಹ್ನದ ನಂತರ ಗಾಳಿ ಹೆಚ್ಚುವುದರಿಂದ ಈ ಬೆಳಗಿನ ಪ್ರಯಾಣದಲ್ಲಿ ಅಲೆಗಳ ತೊಂದರೆ ಕಡಿಮೆ. ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ಈ ದ್ವೀಪವು ಕಡಿದಾದ ಬಂಡೆಗಳಿಂದಲೂ ದಟ್ಟವಾದ ಗಿಡಮರಗಳಿಂದಲೂ ತುಂಬಿದ್ದು, ಬ್ರಿಟಿಷರ ಕಾಲದ ನಕ್ಷೆಗಳಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್ ಎಂಬ ಹೆಸರಿತ್ತು. ಕರಾವಳಿಯ ಮೀನುಗಾರರು ಇದನ್ನು ದೈವದ ನೆಲೆಯೆಂದು ನಂಬಿಕೊಂಡು ಬಂದಿದ್ದಾರೆ. ಹರಕೆಯೆಂದು ಇಲ್ಲಿಗೆ ತಂದು ಬಿಟ್ಟ ಆಡುಗಳ ಸಂತತಿ ಬಂಡೆಗಳ ಮೇಲೆ ಈಗಲೂ ಕಾಣಸಿಗುತ್ತದೆ. ಭಕ್ತಿಯ ದೃಷ್ಟಿಯಿಂದ ಇದು ಗೌರವಿಸಬೇಕಾದ ರೂಢಿಯಾದರೂ, ಹೊರಗಿನಿಂದ ಬಂದ ಮೇಯುವ ಪ್ರಾಣಿಗಳು ಸಣ್ಣ ದ್ವೀಪಗಳ ಸಸ್ಯಸಂಪತ್ತಿಗೆ ಹೊರೆಯಾಗುತ್ತವೆ ಎಂಬುದು ಜಗತ್ತಿನ ಅನೇಕ ದ್ವೀಪಗಳಲ್ಲಿ ಕಂಡುಬಂದಿರುವ ಸಂಗತಿ.

ದ್ವೀಪದ ಮುಖ್ಯ ನಿವಾಸಿ ಬಿಳಿಹೊಟ್ಟೆಯ ಕಡಲಹದ್ದು. ಎತ್ತರದ ಮರಗಳಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ಅದನ್ನೇ ವರ್ಷದಿಂದ ವರ್ಷಕ್ಕೆ ದುರಸ್ತಿ ಮಾಡಿಕೊಂಡು ಬಳಸುವ ಈ ಹಕ್ಕಿ ಮೀನು ಮತ್ತು ಕಡಲಹಾವುಗಳನ್ನು ನೀರಿನ ಮೇಲ್ಮೈಯಿಂದ ಎತ್ತಿಕೊಂಡು ಹೋಗುತ್ತದೆ. ಬಂಡೆಯ ಕತ್ತಲ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಅಂಟಿಸುತ್ತವೆ. ಚೀನೀಯರು ಸೂಪು ಮಾಡಿ ಕುಡಿಯುವ ಗೂಡುಗಳು ಈ ಗುಂಪಿನ ಹಕ್ಕಿಗಳವೇ ಆದ್ದರಿಂದ ಕಳ್ಳಸಾಗಣೆಯ ಭಯವೂ ಇವಕ್ಕಿದೆ. ಹಕ್ಕಿಗಳು ದ್ವೀಪವನ್ನು ಆರಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಅಲ್ಲಿ ಮೊಟ್ಟೆ ಕದಿಯುವ ನರಿ, ಮುಂಗುಸಿಗಳಂಥ ಪ್ರಾಣಿಗಳು ಇಲ್ಲದಿರುವುದು. ಇದೇ ಕಾರಣಕ್ಕೆ, ಬೇಸಿಗೆ ಬೆಳೆಗೆಂದು ನಾಲೆಗೆ ನೀರು ಬಿಟ್ಟಂತೆಲ್ಲ ಭದ್ರಾ ಜಲಾಶಯದಲ್ಲಿ ಎದ್ದು ಕಾಣುವ ನಡುಗಡ್ಡೆಗಳ ಮೇಲೆ ನದಿಯ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಕುಕ್ಕುವಾಡದ ಗದ್ದೆಗೆ ನೀರು ಹರಿದಷ್ಟೂ ಲಕ್ಕವಳ್ಳಿಯ ಬಳಿಯ ಆ ಜಲಾಶಯದ ಹಿನ್ನೀರಿನಲ್ಲಿ ಹಕ್ಕಿಗಳಿಗೆ ಜಾಗ ತೆರೆದುಕೊಳ್ಳುತ್ತದೆ ಎಂಬ ಈ ಸಂಬಂಧ ನೀರಾವರಿಯ ಚರ್ಚೆಗಳಲ್ಲಿ ಬರುವುದೇ ಇಲ್ಲ.

ನೇತ್ರಾಣಿಯ ನಿಜವಾದ ಕಾಡು ನೀರಿನ ಕೆಳಗಿದೆ. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಮಣಿಯೆಂದಷ್ಟೇ ತಿಳಿದವರಿಗೆ ಅದು ಪ್ರಾಣಿಯೆಂದರೆ ಆಶ್ಚರ್ಯವಾಗಬಹುದು. ಪಾಲಿಪ್ ಎಂಬ ಮೃದು ದೇಹದ ಅತಿ ಸಣ್ಣ ಜೀವಿಗಳು ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ತೆಗೆದುಕೊಂಡು ತಮ್ಮ ಸುತ್ತ ಗಟ್ಟಿ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ತಲೆಮಾರುಗಳ ಚಿಪ್ಪುಗಳು ಒಂದರ ಮೇಲೊಂದು ಬೆಳೆದು ಹವಳದ ದಿಬ್ಬವಾಗುತ್ತವೆ. ಪಾಲಿಪ್‌ನ ದೇಹದೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಂತೆ ಕೊಡುತ್ತವೆ. ಆದ್ದರಿಂದ ದಿಬ್ಬ ಕಟ್ಟುವ ಹವಳಕ್ಕೆ ಬೆಳಕು ಇಳಿಯುವ ತಿಳಿನೀರು ಬೇಕು. ಕರ್ನಾಟಕದ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳಂಥ ನದಿಗಳು ಮಳೆಗಾಲದಲ್ಲಿ ಕೆಂಪು ನೀರನ್ನು, ಹೂಳನ್ನು ತಂದು ಸುರಿಯುವುದರಿಂದ ದಡದ ಹತ್ತಿರ ಹವಳ ಬೆಳೆಯುವುದು ಕಷ್ಟ. ದಡದಿಂದ ದೂರವಿರುವುದೇ ನೇತ್ರಾಣಿಯ ಭಾಗ್ಯ. ಭಾರತದ ದೊಡ್ಡ ಹವಳ ಪ್ರದೇಶಗಳೆಂದು ಕಚ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳನ್ನು ಎಣಿಸುವಾಗ ನೇತ್ರಾಣಿಯ ಹೆಸರು ಬರುವುದಿಲ್ಲವಾದರೂ, ಕನ್ನಡನಾಡಿನ ವಿದ್ಯಾರ್ಥಿಗೆ ಒಂದು ರಾತ್ರಿಯ ಬಸ್ ಪ್ರಯಾಣದಲ್ಲಿ ಎಟಕುವ ಹವಳ ಇದೇ.

ಇಲ್ಲಿ ಗಿಳಿಮೀನು, ಚಿಟ್ಟೆಮೀನು, ಸಿಂಹಮೀನುಗಳ ಜೊತೆಗೆ ಬಂಡೆಯ ಸಂದಿನಿಂದ ತಲೆ ಹೊರಹಾಕುವ ಮೋರೆ ಈಲ್‌ಗಳೂ ಇವೆ. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಗಿಳಿಮೀನು, ಅದರೊಂದಿಗೆ ನುಂಗಿದ ಹವಳದ ಚೂರನ್ನು ನುಣ್ಣಗೆ ಅರೆದು ಮರಳಾಗಿ ಹೊರಹಾಕುತ್ತದೆ. ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ಇದರ ಪಾಲು ದೊಡ್ಡದು. ಸಿಂಹಮೀನಿನ ಮುಳ್ಳುಗಳು ವಿಷವುಳ್ಳವು. ನಟ ಪುನೀತ್ ರಾಜ್‌ಕುಮಾರ್ ಅವರು ನಿರ್ದೇಶಕ ಅಮೋಘವರ್ಷ ಅವರೊಡನೆ ನಾಡಿನ ಕಾಡು, ಕಡಲುಗಳನ್ನು ಸುತ್ತಿದ ‘ಗಂಧದ ಗುಡಿ’ ಚಿತ್ರ 2022ರ ಅಕ್ಟೋಬರ್‌ನಲ್ಲಿ ತೆರೆಕಂಡು, ನೇತ್ರಾಣಿಯ ನೀರಿನೊಳಗಿನ ನೋಟವನ್ನು ಕನ್ನಡದ ಮನೆಮನೆಗೆ ತಲುಪಿಸಿತು.

ಈ ನೋಟಕ್ಕೆ ಸಾಮಾನ್ಯ ಪ್ರವಾಸಿಯ ದಾರಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಉಸಿರಾಡುತ್ತ ನೀರಿನೊಳಗೆ ಇಳಿಯುವುದು. ಅದನ್ನು ಆಕ್ಸಿಜನ್ ಸಿಲಿಂಡರ್ ಎಂದು ಎಲ್ಲರೂ ಕರೆಯುತ್ತಾರಾದರೂ ಅದರೊಳಗಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ. ಹೊಸಬರನ್ನು ತರಬೇತುದಾರರು ಜೊತೆಯಲ್ಲೇ ಹಿಡಿದುಕೊಂಡು ಹೆಚ್ಚೆಂದರೆ ಹತ್ತು ಹನ್ನೆರಡು ಮೀಟರ್ ಆಳದವರೆಗೆ ಒಯ್ಯುವುದರಿಂದ ಈಜು ಬರಲೇಬೇಕೆಂಬ ನಿಯಮವಿಲ್ಲ. ಪ್ರತಿ ಹತ್ತು ಮೀಟರಿಗೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು, ಎಂದರೆ ನೆಲದ ಮೇಲೆ ನಮ್ಮ ಸುತ್ತಲಿನ ಗಾಳಿ ಹಾಕುವಷ್ಟು ಒತ್ತಡ ಹೆಚ್ಚುತ್ತ ಹೋಗುವುದರಿಂದ ಮೊದಲು ನೋಯುವುದು ಕಿವಿ. ಮೂಗನ್ನು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಒಳಗಿನ ಒತ್ತಡವನ್ನು ಸರಿದೂಗಿಸಿಕೊಳ್ಳಬೇಕು. ಉಸಿರನ್ನು ಎಂದೂ ಕಟ್ಟಬಾರದೆಂಬುದು ಇಲ್ಲಿನ ಮೊದಲ ಪಾಠ, ಏಕೆಂದರೆ ಮೇಲೇರುವಾಗ ಹೊರಗಿನ ಒತ್ತಡ ಕಡಿಮೆಯಾದಂತೆ ಶ್ವಾಸಕೋಶದ ಗಾಳಿ ಹಿಗ್ಗಿ ಗಾಯ ಮಾಡುತ್ತದೆ. ಆಸ್ತಮಾ, ಹೃದಯದ ತೊಂದರೆ, ನೆಗಡಿ ಇರುವವರು ಅದನ್ನು ಮುಚ್ಚಿಟ್ಟು ಅರ್ಜಿ ತುಂಬುವುದು ಅಪಾಯ. ಕೆಂಪು ಬಣ್ಣವನ್ನು ನೀರು ಬೇಗ ಹೀರಿಕೊಳ್ಳುವುದರಿಂದ ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಎಲ್ಲವೂ ನೀಲಿ ಹಸಿರಾಗುತ್ತದೆ, ಮೊಬೈಲಿನಲ್ಲಿ ನೋಡಿ ಬಂದ ಬಣ್ಣಗಳು ಕಾಣಲಿಲ್ಲವೆಂದು ಬೇಸರಿಸುವವರೂ ಉಂಟು.

ದ್ವೀಪಕ್ಕೆ ಒದಗಿರುವ ಕಷ್ಟಗಳು ಹಲವು ಬಗೆಯವು. ನೌಕಾಪಡೆಯು ದೀರ್ಘಕಾಲ ನೇತ್ರಾಣಿಯನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿದ್ದರಿಂದ ಮೀನುಗಾರರು, ಪರಿಸರ ಕಾರ್ಯಕರ್ತರು ಆಕ್ಷೇಪವೆತ್ತಿದರು. ದೋಣಿಗಳ ಲಂಗರು ಬಿದ್ದ ಕಡೆ ಹವಳ ಮುರಿಯುತ್ತದೆ, ಹರಿದ ಬಲೆ ದಿಬ್ಬಕ್ಕೆ ಸುತ್ತಿಕೊಂಡು ಮೀನುಗಳನ್ನು ಸುಮ್ಮನೆ ಕೊಲ್ಲುತ್ತಿರುತ್ತದೆ. ಸಮುದ್ರದ ಬಿಸಿ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ವಾರಗಟ್ಟಲೆ ಉಳಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವಂಥದೇ ರಕ್ಷಣೆಯಿರುವುದರಿಂದ ನೆನಪಿಗೆಂದು ಒಂದು ತುಂಡನ್ನು ಚೀಲಕ್ಕೆ ಹಾಕಿಕೊಳ್ಳುವುದೂ ಅಪರಾಧ. ಹವಳದ ಮೇಲೆ ಕಾಲೂರಿ ನಿಲ್ಲುವುದರಿಂದಲೂ ಅದಕ್ಕೆ ಹಾನಿಯಾಗುತ್ತದೆ.

ಡೈವಿಂಗ್ ಕಾಲ ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ. ಜೂನ್, ಜುಲೈಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುತ್ತದೆ. ಪ್ರವಾಸದ ಪಟ್ಟಿಯಿಂದ ಜೋಗವನ್ನೋ ಗೋಕರ್ಣವನ್ನೋ ಕೈಬಿಟ್ಟು ಮುರುಡೇಶ್ವರದಲ್ಲೇ ಎರಡು ರಾತ್ರಿ ಉಳಿಯುವುದು ಮೇಲು, ಏಕೆಂದರೆ ಗಾಳಿ ಎದ್ದು ಒಂದು ದಿನ ದೋಣಿ ಹೊರಡದಿದ್ದರೂ ಮರುದಿನ ಅವಕಾಶ ಉಳಿದಿರುತ್ತದೆ. ನೀರಿನಾಳಕ್ಕೆ ಇಳಿಯಲು ಇಷ್ಟವಿಲ್ಲದವರು ಮುಖವಾಡ ಮತ್ತು ಉಸಿರುಕೊಳವೆ ಹಾಕಿಕೊಂಡು ಮೇಲ್ಮೈಯಲ್ಲಿ ತೇಲುತ್ತಲೇ ದಿಬ್ಬದ ಮೇಲ್ಭಾಗವನ್ನು ನೋಡಬಹುದು. ಒಂದು ಇಳಿತದಿಂದ ತೃಪ್ತರಾಗದವರಿಗೆ ಮೂರು ನಾಲ್ಕು ದಿನಗಳ ಓಪನ್ ವಾಟರ್ ತರಬೇತಿಯಿದ್ದು, ಅದಕ್ಕೆ ಈಜು ಬರಬೇಕು. ಪ್ರಮಾಣಪತ್ರ ಪಡೆದವರು ಜೊತೆಗಾರನೊಬ್ಬನೊಡನೆ 18 ಮೀಟರ್ ಆಳದವರೆಗೆ ಇಳಿಯಬಹುದು.